ಬರ್ಕೊಳ್ಳಿ, ಪೆನ್ ಇದೆಯಾ?

(ಜಯನಗರದ ಒಂದು ಸಣ್ಣ ವಾಚನಾಲಯದಲ್ಲಿ ಭಾನುವಾರ ಬೆಳಗ್ಗೆ ಆಡಿದ ಮಾತು. ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡು ನಾನೇ ಬರೆದಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ಒಂದಕ್ಕೆ ಇಳಿಸಿದ್ದೇನೆ, ಉಳಿದದ್ದು ಹೆಚ್ಚು ಕಮ್ಮಿ ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನು 'ನಿವೃತ್ತ ಅಧಿಕಾರಿ' ಅಂದುಬಿಟ್ಟರು. ಅಧಿಕಾರಿ ಗಿಧಿಕಾರಿ ಏನೂ ಅಲ್ಲ, ನಾನು ಟೆಲಿಫೋನ್ ಆಪರೇಟರ್ ಆಗಿದ್ದವಳು. 1979ರಲ್ಲಿ ಬೆಂಗಳೂರಿನ ಟ್ರಂಕ್ ಎಕ್ಸ್‌ಚೇಂಜಿಗೆ ಸೇರಿದಾಗ ನನಗೆ 21 ವರ್ಷ. ಬೇರೆ ಊರಿಗೆ ಮಾತಾಡಬೇಕು ಅಂದರೆ ಅಲ್ಲಿ ಬುಕ್ ಮಾಡಬೇಕಿತ್ತು, ನಾವು ಲೈನ್ ಜೋಡಿಸಿಕೊಡುತ್ತಿದ್ದೆವು, ಅದೇ ಟ್ರಂಕ್ ಕಾಲ್. ತಲೆಗೆ ಹೆಡ್‌ಸೆಟ್, ಎದುರಿಗೆ ತೂತು ತೂತಿನ ಬೋರ್ಡು, ಕೈಯಲ್ಲಿ ವೈರಿನ ತುದಿಯ ಪ್ಲಗ್. ಕೆಲವು ವರ್ಷ ಆದ ಮೇಲೆ 197ಕ್ಕೆ ಹಾಕಿದರು.

ತಲೆ ಬೆಳ್ಳಗಾದವರಿಗೆ 197 ಅಂದರೆ ಹೇಳಬೇಕಾಗಿಲ್ಲ. ಹಿಂದೆ ಕೂತಿರುವ ಕಾಲೇಜಿನ ಮಕ್ಕಳಿಗೆ ಹೇಳುತ್ತೇನೆ. ಯಾರದ್ದಾದರೂ ಫೋನ್ ನಂಬರ್ ಗೊತ್ತಿಲ್ಲ ಅಂದರೆ 197 ತಿರುಗಿಸಿ ಕೇಳಬೇಕಿತ್ತು. ಆ ಕಡೆ ನಾವು ಇರುತ್ತಿದ್ದೆವು. ಜಂಬ ಅಂದುಕೊಳ್ಳಬೇಡಿ, ಆ ಕಾಲಕ್ಕೆ ಈ ಊರಿನ ಗೂಗಲ್ ನಾವೇ. "ಮೇಡಂ, ಗಾಂಧಿ ಬಜಾರಲ್ಲಿ ಒಬ್ರು ಹಲ್ಲಿನ ಡಾಕ್ಟ್ರಿದ್ದಾರಲ್ಲ, ಗಡ್ಡ ಬಿಟ್ಟಿರೋರು, ಅವರ ನಂಬರ್ ಕೊಡಿ." ಹೆಸರೇನು ಅಂದರೆ ಗೊತ್ತಿಲ್ಲ. ಡೈರೆಕ್ಟರಿಯಲ್ಲಿ ಗಡ್ಡದ ವಿಚಾರ ಹಾಕಿರುವುದಿಲ್ಲ. ಪಕ್ಕದ ಸೀಟಿನವಳನ್ನು ಕೇಳುತ್ತಿದ್ದೆ. ಅದೃಷ್ಟ ಇದ್ದರೆ ಅವಳು ಅಲ್ಲೇ ಹಲ್ಲು ಕೀಳಿಸಿಕೊಂಡಿರುತ್ತಿದ್ದಳು.

ನಂಬರ್ ಸಿಕ್ಕಿದ ಮೇಲೆ "ಬರ್ಕೊಳ್ಳಿ" ಅನ್ನುತ್ತಿದ್ದೆವು. ಆಗ ಹತ್ತರಲ್ಲಿ ಎಂಟು ಜನ ಹೇಳುತ್ತಿದ್ದದ್ದು ಒಂದೇ ಮಾತು. "ಒಂದ್ನಿಮಿಷ ಮೇಡಂ, ಪೆನ್ ತರ್ತೀನಿ." ರಿಸೀವರನ್ನು ಟೇಬಲ್ ಮೇಲೆ ಇಟ್ಟ ಸದ್ದು. ಚಪ್ಪಲಿ ಎಳೆಯುವ ಸದ್ದು. "ಏ ಪುಟ್ಟಿ, ಪೆನ್ ಎಲ್ಲಿಟ್ಟೆ?" ಮಗು ಅಳು, ಕುಕ್ಕರ್ ಸೀಟಿ, ರೇಡಿಯೋ. ಇಲ್ಲಿ ಬೋರ್ಡಲ್ಲಿ ಬೇರೆ ಲೈಟುಗಳು ಮಿಣುಕುತ್ತಿರುತ್ತವೆ. ನಾವು ಪೆನ್ನಿಗೆ ಕಾಯಬೇಕು. ಬೆಂಗಳೂರಿನ ಎಷ್ಟು ಮನೆಗಳ ಅಡುಗೆಮನೆ ಸದ್ದು ಕೇಳಿದ್ದೇನೋ ಲೆಕ್ಕ ಇಲ್ಲ.

ಇವತ್ತಿನ ವಿಷಯ ಅಂತ ಪೋಸ್ಟರಲ್ಲಿ ಹಾಕಿದ್ದಾರೆ: 'ಅಭ್ಯಾಸ, ತಾಳ್ಮೆ ಮತ್ತು ಇಂಟರ್ನೆಟ್'. ಮೊದಲು ತಾಳ್ಮೆ ವಿಷಯ ಮುಗಿಸಿಬಿಡುತ್ತೇನೆ, ಅದರ ಬಗ್ಗೆ ನನಗೆ ಒಂದು ತಕರಾರಿದೆ.

ಹಿಂದಿನವರಿಗೆ ತಾಳ್ಮೆ ಜಾಸ್ತಿ ಇತ್ತು, ಈಗಿನ ಹುಡುಗರಿಗೆ ಇಲ್ಲ, ಇಂಟರ್ನೆಟ್ ಬಂದು ಎಲ್ಲ ಕೆಟ್ಟುಹೋಯಿತು ಅನ್ನುತ್ತಾರೆ. ಮುಂದಿನ ಸಾಲಲ್ಲಿ ನನ್ನ ವಯಸ್ಸಿನವರು ಆಗಲೇ ತಲೆಯಾಡಿಸುತ್ತಿದ್ದೀರಿ. ಬೇಜಾರು ಮಾಡ್ಕೋಬೇಡಿ, ನಿಮ್ಮ ತಾಳ್ಮೆಯನ್ನು ನಾನು ವರ್ಷಗಟ್ಟಲೆ ಕಿವಿಯಾರೆ ಕೇಳಿದ್ದೇನೆ. (ನಗು)

ಟ್ರಂಕ್ ಕಾಲ್ ಮೂರು ಥರ ಇತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್. ಅರ್ಜೆಂಟಿಗೆ ಎರಡರಷ್ಟು ದುಡ್ಡು, ಲೈಟ್ನಿಂಗಿಗೆ 8ರಷ್ಟು. ಲೈಟ್ನಿಂಗ್ ಬಂತು ಅಂದರೆ ಯಾರೋ ತೀರಿಕೊಂಡಿದ್ದಾರೆ, ಇಲ್ಲ ಯಾರದ್ದೋ ವ್ಯಾಪಾರ ಮುಳುಗುತ್ತಿದೆ ಅಂತ ನಮಗೆ ಗೊತ್ತಾಗುತ್ತಿತ್ತು. ಆರ್ಡಿನರಿ ಬುಕ್ ಮಾಡಿದವರು ಬೆಳಗ್ಗೆಯಿಂದ ಸಂಜೆವರೆಗೆ ಕಾದ ದಿನಗಳೂ ಇವೆ. ಸುಮ್ನೆ ಕಾಯುತ್ತಿದ್ದರಾ? ಹತ್ತು ನಿಮಿಷಕ್ಕೊಂದು ಸಲ ಫೋನು. "ಏನ್ರೀ ಆಯ್ತು ನಮ್ಮ ರಾಯಚೂರು?" "ಏನ್ ಕಾಫಿ ಕುಡೀತಾ ಕೂತಿದ್ದೀರಾ?" ಅದಕ್ಕಿಂತ ಮುಂದಿನದನ್ನು ಇಲ್ಲಿ ಹೇಳುವ ಹಾಗಿಲ್ಲ, ಮಕ್ಕಳಿದ್ದಾರೆ. ಬೇರೆ ದಾರಿ ಇರಲಿಲ್ಲ, ಅದಕ್ಕೆ ಕಾದರು. ನಲವತ್ತು ವರ್ಷ ಆದ ಮೇಲೆ ಅದಕ್ಕೆ ತಾಳ್ಮೆ ಅಂತ ಹೆಸರಿಟ್ಟುಕೊಂಡಿದ್ದೇವೆ, ಅಷ್ಟೇ.

ನಾನು ಹೊಸಬಳಾಗಿದ್ದಾಗ ಬೈಸಿಕೊಳ್ಳುವ ಹೆದರಿಕೆಗೆ ಎಲ್ಲರಿಗೂ "ಈಗ ಬರುತ್ತೆ ಸಾರ್" ಅನ್ನುತ್ತಿದ್ದೆ. ನಮ್ಮ ಸೂಪರ್‌ವೈಸರ್ ಒಬ್ಬರು ವಯಸ್ಸಾದ ಹೆಂಗಸು, ಹಿಂದೆ ನಿಂತು ಕೇಳಿಸಿಕೊಂಡರು. "ಈಗ ಬರುತ್ತೆ ಅನ್ಬೇಡ ಕಣೆ. ಲೈನ್ ಸಿಗಲ್ಲ ಅಂತ ಗೊತ್ತಿದ್ರೆ ಎರಡು ಗಂಟೆ ಆಗುತ್ತೆ ಅಂತ್ಲೇ ಹೇಳು. ಒಂದ್ಸಲ ಬೈತಾರೆ. ಆಮೇಲೆ ಊಟ ಮಾಡಕ್ಕೆ ಹೋಗ್ತಾರೆ." ಹಾಗೇ ಆಯಿತು. ಎರಡು ಗಂಟೆ ಅಂದವರಿಗೆ ಎರಡು ಗಂಟೆಯೊಳಗೆ ಲೈನ್ ಕೊಟ್ಟೆವು ಅನ್ನಿ, ಮುಂದಿನ ಸಲ ಅದೇ ಮನುಷ್ಯ ಮೂರು ಗಂಟೆ ಬೇಕಾದರೂ ತೆಪ್ಪಗೆ ಕಾಯುತ್ತಿದ್ದ. ಸುಳ್ಳು ಹೇಳಿಸಿಕೊಂಡವನು ಐದು ನಿಮಿಷ ಕಾಯುತ್ತಿರಲಿಲ್ಲ.

ರಿಟೈರ್ ಆದ ಮೇಲೆ ಇದೇ ವಿಷಯದ ಮೇಲೆ ಒಂದು ಪ್ರಯೋಗ ನಡೆದದ್ದು ಓದಿ ಖುಷಿಯಾಯಿತು. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ್ದು, 2012ರದ್ದು, ಸೆಲೆಸ್ಟ್ ಕಿಡ್ ಅನ್ನುವವರು ಮಾಡಿದ್ದು. ಮಕ್ಕಳ ಮುಂದೆ ಒಂದು ಮಾರ್ಷ್‌ಮೆಲೋ ಇಡುತ್ತಾರೆ, ಮೆತ್ತಗಿನ ಸಿಹಿ ಅದು. ಸ್ವಲ್ಪ ಹೊತ್ತು ತಿನ್ನದೆ ಕಾದರೆ ಎರಡು ಕೊಡುತ್ತೇವೆ ಅನ್ನುತ್ತಾರೆ. ಆ ಪರೀಕ್ಷೆ ಹಳೆಯದು, ಕಾಯುವ ಮಗು ಜಾಣ ಮಗು ಅಂತ ಎಲ್ಲರೂ ಹೇಳುತ್ತಿದ್ದರು. ಈಕೆ ಒಂದು ಹೆಜ್ಜೆ ಹಿಂದೆ ಹೋದರು. ಮೊದಲು ಮಕ್ಕಳಿಗೆ ಚಿತ್ರ ಬರೆಯಲು ಒಳ್ಳೇ ಸಾಮಾನು ತರುತ್ತೇವೆ ಅಂತ ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ನಿಜವಾಗಿ ತಂದುಕೊಟ್ಟರು. ಇನ್ನರ್ಧ ಮಕ್ಕಳಿಗೆ "ಅಯ್ಯೋ, ಇಲ್ಲ ಪುಟ್ಟ" ಅಂದರು. ಆಮೇಲೆ ಮಾರ್ಷ್‌ಮೆಲೋ ಇಟ್ಟರು. ಮಾತು ಉಳಿಸಿಕೊಂಡವರನ್ನು ನೋಡಿದ್ದ ಮಕ್ಕಳು ಸರಾಸರಿ 12 ನಿಮಿಷ ಕಾದವು. ಮೋಸ ಹೋದ ಮಕ್ಕಳು 3 ನಿಮಿಷ. ಮೋಸ ಹೋದ ಮಗು ಬೇಗ ತಿಂದದ್ದು ತಪ್ಪಾ? ನನ್ನ ಪ್ರಕಾರ ಅದೇ ಜಾಣ ಮಗು.

ಮೆಟ್ರೋ ಪ್ಲಾಟ್‌ಫಾರ್ಮಲ್ಲಿ ಬೋರ್ಡಿನ ಮೇಲೆ 6 ನಿಮಿಷ ಅಂತ ಇದ್ದರೆ ನಾವೆಲ್ಲ ಅಲ್ಲಾಡದೆ ನಿಲ್ಲುತ್ತೇವೆ. ಅದೇ ಫೋನಲ್ಲಿ ಆಟೋ ಬುಕ್ ಮಾಡಿದಾಗ '2 ನಿಮಿಷ' ಅಂತ ಬರುತ್ತೆ. ಹತ್ತು ನಿಮಿಷ ಆದರೂ ಅದು 2 ನಿಮಿಷವೇ. ಆಟೋ ಚಿತ್ರ ರಾಗಿಗುಡ್ಡದ ಹತ್ತಿರ ನಿಂತಲ್ಲೇ ತಿರುಗುತ್ತಿರುತ್ತೆ. ಆರು ನಿಮಿಷ ಸುಮ್ಮನೆ ನಿಂತವರೇ ಅಲ್ಲಿ ರಸ್ತೆಯಲ್ಲಿ ಕುಣಿದಾಡುತ್ತೇವೆ, ಅಲ್ವಾ?

ಟ್ರಂಕ್ ಕಾಲಿನ ಇನ್ನೊಂದು ವಿಚಾರ ಹೇಳಬೇಕು, ಅದು ಮುಂದೆ ಬೇಕಾಗುತ್ತದೆ. ಕಾಲ್ ಅಂದರೆ 3 ನಿಮಿಷದ ಲೆಕ್ಕ. ಮೂರು ನಿಮಿಷ ಆದ ತಕ್ಷಣ ನಾವು ನಡುವೆ ಬಾಯಿ ಹಾಕಬೇಕು. "ತ್ರೀ ಮಿನಿಟ್ಸ್ ಓವರ್ ಸಾರ್, ಕಂಟಿನ್ಯೂ ಮಾಡ್ಬೇಕಾ?" ಅಲ್ಲಿ ಗಂಡ ಹೆಂಡತಿ ಜಗಳ ಆಡುತ್ತಿರಲಿ, ತಾಯಿ ಅಳುತ್ತಿರಲಿ, ನಾವು ಕೇಳಲೇಬೇಕು. ಎಷ್ಟು ಸಂಕಟದ ಕೆಲಸ ಗೊತ್ತಾ ಅದು! ಆದರೆ ಒಂದು ಆಶ್ಚರ್ಯ. ಹಾಗೆ ಕೇಳಿದ ತಕ್ಷಣ ಜನಕ್ಕೆ ಅಸಲು ವಿಷಯ ನೆನಪಾಗುತ್ತಿತ್ತು. "ಹಾಂ, ಇರಿ ಇರಿ, ದುಡ್ಡು ಕಳಿಸಿದ್ದೀನಿ, ಬಂತಾ?" ಮೂರು ನಿಮಿಷ ಮಳೆ, ಬೆಳೆ, ದನ, ಕರು. ಕೊನೇ ಹತ್ತು ಸೆಕೆಂಡಲ್ಲಿ ಫೋನ್ ಮಾಡಿದ ಕಾರಣ.

ಆಮೇಲೆ ಎಸ್‌ಟಿಡಿ ಬಂತು, ಆಪರೇಟರ್ ಇಲ್ಲದೆ ಬೇರೆ ಊರಿಗೆ ನೀವೇ ನಂಬರ್ ತಿರುಗಿಸುವುದು. 1986ರಲ್ಲಿ ನಮ್ಮ ಕಿತ್ತೂರಲ್ಲೇ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಹಳ್ಳಿ ಎಕ್ಸ್‌ಚೇಂಜ್ ಶುರುವಾಯಿತು, ಎಸಿ ಇಲ್ಲದೆ ನಡೆಯುವಂಥದ್ದು. ಮೊಬೈಲ್ ಬಂತು. ನಮ್ಮ ಬೋರ್ಡನ್ನು ಬಿಚ್ಚಿ ಹಾಕಿದರು. ನನಗೇನೂ ಅಂಥ ದುಃಖ ಆಗಲಿಲ್ಲ. ಕುತ್ತಿಗೆ ನೋವು ಕಮ್ಮಿ ಆಯಿತು.

ಈಗ ನನ್ನ ಮರ್ಯಾದೆ ಹೋದ ಕಥೆ. ಮಗಳು ಇದನ್ನು ಹೇಳಬೇಡ ಅಂದಿದ್ದಾಳೆ. ಅವಳು ಬಂದಿಲ್ಲ, ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಮನೆ ಮಿಕ್ಸಿ ಕೆಟ್ಟಿತು. ಚಟ್ನಿಗೆ ಕಾಯಿ ತುರಿದಿಟ್ಟುಕೊಂಡಿದ್ದೆ, ದೋಸೆ ಹೆಂಚು ಕಾದಿತ್ತು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು. ಮಿಕ್ಸಿ ಹೆಸರು ಹೇಳಿ 'ಕಸ್ಟಮರ್ ಕೇರ್' ಅಂತ ಹುಡುಕಿದೆ. ಮೇಲೇ ಒಂದು ನಂಬರ್ ಬಂತು. ಒತ್ತಿದೆ. ಆ ಕಡೆ ಹುಡುಗ, ಏನು ಮರ್ಯಾದೆ, ಏನು ವಿನಯ! "ಇವತ್ತೇ ಟೆಕ್ನಿಷಿಯನ್ ಕಳಿಸ್ತೀವಿ ಅಮ್ಮ. ರಿಜಿಸ್ಟ್ರೇಷನ್ 10 ರೂಪಾಯಿ ಅಷ್ಟೇ." ಒಂದು ಲಿಂಕ್ ಕಳಿಸಿದ. ಅದರಿಂದ ಏನೋ ಆ್ಯಪ್ ಹಾಕಿಸಿದ. ಆಮೇಲೆ ಗೊತ್ತಾಯಿತು, ನನ್ನ ಫೋನಿನ ಪರದೆ ಅವನಿಗೆ ಕಾಣುವ ಹಾಗೆ ಮಾಡುವ ಆ್ಯಪ್ ಅದು. 10 ರೂಪಾಯಿಗೆ ಪಿನ್ ಒತ್ತಿದೆ. ದೋಸೆ ತಿರುವಿ ಹಾಕುವಷ್ಟರಲ್ಲಿ ಮೆಸೇಜ್ ಮೇಲೆ ಮೆಸೇಜ್. 24,000 ರೂಪಾಯಿ ಹೋಗಿತ್ತು.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ. ಅಳುತ್ತಾ ಕೂರದೆ 1930ಕ್ಕೆ ಫೋನ್ ಮಾಡಿದೆ. ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ, ಸೈಬರ್ ವಂಚನೆಗೆ ಇಡೀ ದೇಶಕ್ಕೆ ಅದೇ ನಂಬರ್. ಎಷ್ಟು ಬೇಗ ಹೇಳಿದರೆ ಅಷ್ಟು ಒಳ್ಳೆಯದು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುಂಚೆ ಬ್ಯಾಂಕಿನವರು ತಡೆಹಿಡಿಯಬಹುದು. ನನ್ನದರಲ್ಲಿ 9,000 ಸಿಕ್ಕಿಬಿತ್ತು, ತಿಂಗಳುಗಳಾದ ಮೇಲೆ ವಾಪಸ್ ಬಂತು. ಉಳಿದದ್ದು ಕೃಷ್ಣಾರ್ಪಣ. ಹಾಂ, ಯುಪಿಐ ಇಟ್ಟುಕೊಂಡವರು ಇನ್ನೊಂದು ತಿಳಿದುಕೊಳ್ಳಿ. ಪಿನ್ ಬೇಕಾಗುವುದು ದುಡ್ಡು ಕೊಡುವುದಕ್ಕೆ. ನಿಮಗೆ ಬರುವ ದುಡ್ಡಿಗೆ ಯಾವತ್ತೂ ಪಿನ್ ಒತ್ತಬೇಕಾಗಿಲ್ಲ. ರೀಫಂಡ್ ಕೊಡ್ತೀವಿ ಪಿನ್ ಒತ್ತಿ ಅಂದರೆ ಅಲ್ಲೇ ಇಡಿ ಫೋನ್.

ದುಡ್ಡು ಹೋದದ್ದಕ್ಕಿಂತ ನನಗೆ ಚುಚ್ಚಿದ್ದು ಬೇರೆ. ವರ್ಷಾನುಗಟ್ಟಲೆ ಊರಿಗೆಲ್ಲ ನಂಬರ್ ಹುಡುಕಿಕೊಟ್ಟವಳು ನಾನು. ತಪ್ಪು ನಂಬರಿಗೆ ನಾನೇ ಬಿದ್ದೆನಲ್ಲ! 197ರಲ್ಲಿ ನಾವು ತಪ್ಪು ನಂಬರ್ ಕೊಟ್ಟರೆ ಕೇಳುವವರು ಇದ್ದರು. ಮೇಲಿನವರು ಗೊತ್ತಾಗದ ಹಾಗೆ ನಮ್ಮ ಲೈನ್ ಕೇಳಿಸಿಕೊಳ್ಳುತ್ತಿದ್ದರು, ತಪ್ಪಾದರೆ ಮೆಮೋ. ಒಂದೇ ಹೆಸರಿನ ನಾಲ್ಕು ಜನ ಇದ್ದರೆ "ಯಾವ ಬ್ಲಾಕ್, ಯಾವ ಕ್ರಾಸ್" ಅಂತ ಕೇಳಿಯೇ ಕೊಡುತ್ತಿದ್ದೆವು. ಫೋನಲ್ಲಿ ಮೇಲೆ ಬರುವ ನಂಬರ್ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತೂ ಆಗಿರಬಹುದು, ಕಳ್ಳ ಸೇರಿಸಿದ್ದೂ ಆಗಿರಬಹುದು. ಯಾವ ಕ್ರಾಸ್ ಅಂತ ಅದು ಕೇಳುವುದಿಲ್ಲ. ನಾನಾದರೂ ಕೇಳಬೇಕಿತ್ತು. ಮಿಕ್ಸಿಯ ವಾರಂಟಿ ಕಾರ್ಡಲ್ಲಿ ಅಸಲು ನಂಬರ್ ಇತ್ತು. ಎಲ್ಲಿತ್ತು ಗೊತ್ತಾ? ಮಿಕ್ಸಿ ಇಟ್ಟಿದ್ದ ಕಟ್ಟೆ ಕೆಳಗಿನ ಡ್ರಾಯರಲ್ಲಿ. ನನ್ನ ಮೊಣಕಾಲಿಂದ ಅರ್ಧ ಅಡಿ.

ಇಂಟರ್ನೆಟ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನನ್ನ ಬಿಪಿ ಮಾತ್ರೆ ಅದರಲ್ಲೇ ತರಿಸುತ್ತೇನೆ, ಮೊಮ್ಮಗನ ಮುಖ ಅದರಲ್ಲೇ ನೋಡುತ್ತೇನೆ. ನನಗೆ ಬೇಕಾಗಿದ್ದು, ಪ್ರಶ್ನೆಗೂ ಉತ್ತರಕ್ಕೂ ನಡುವೆ ಪೆನ್ ತರುವಷ್ಟು ಹೊತ್ತು. ಅದು ಹೋಗಿಬಿಟ್ಟಿತ್ತು. ಯಾರೋ ಕಿತ್ತುಕೊಂಡದ್ದಲ್ಲ, ನಾನೇ ಕೈಬಿಟ್ಟಿದ್ದೆ.

ಅದಕ್ಕೆ ಒಂದು ಪುಸ್ತಕ ಇಟ್ಟೆ. (ಪುಸ್ತಕ ತೋರಿಸಿದೆ.) ನಲವತ್ತು ರೂಪಾಯಿಯ ನೋಟ್‌ಬುಕ್ಕು. ಫ್ರಿಜ್ ಮೇಲೆ ಇರುತ್ತದೆ, ಪೆನ್ನನ್ನು ದಾರದಲ್ಲಿ ಕಟ್ಟಿದ್ದೇನೆ. ಇಲ್ಲದಿದ್ದರೆ ಮನೆಯವರು ಎತ್ತಿಕೊಂಡು ಹೋಗುತ್ತಾರೆ. ಏನಾದರೂ ಗೊತ್ತಾಗಬೇಕು ಅನ್ನಿಸಿದರೆ ಫೋನ್ ತೆಗೆಯುವ ಬದಲು ಇದರಲ್ಲಿ ಬರೆಯುತ್ತೇನೆ. ಸಂಜೆ 6 ಗಂಟೆಗೆ ಕೂತು ಎಲ್ಲವನ್ನೂ ಒಟ್ಟಿಗೆ ಹುಡುಕುತ್ತೇನೆ. ಓದುತ್ತೇನೆ ಕೇಳಿ, ಇದು ಕಳೆದ ಮಂಗಳವಾರದ್ದು. 'ಎಡಗಣ್ಣು ಅದುರಿದರೆ ಏನು?' 'ಆ ಸೀರಿಯಲ್ಲಿನ ಅತ್ತೆಗೆ ವಯಸ್ಸೆಷ್ಟು?' 'ನುಗ್ಗೆಸೊಪ್ಪು ಫ್ರಿಜ್ಜಲ್ಲಿ ಎಷ್ಟು ದಿನ?' 'ಆಸ್ತಿ ತೆರಿಗೆ ಕೊನೇ ದಿನ.' ಸಂಜೆ ಹೊತ್ತಿಗೆ ಕಣ್ಣು ಅದುರುವುದು ನಿಂತಿತ್ತು. ಅತ್ತೆಯ ವಯಸ್ಸು ಕಟ್ಟಿಕೊಂಡು ನನಗೇನಾಗಬೇಕು? ನುಗ್ಗೆಸೊಪ್ಪು ಮಧ್ಯಾಹ್ನವೇ ಬಸ್ಸಾರಾಗಿ ಹೋಗಿತ್ತು. ಹುಡುಕಿದ್ದು ತೆರಿಗೆ ಒಂದೇ.

ಶುರು ಮಾಡಿದ ತಕ್ಷಣ ಅಭ್ಯಾಸ ಆಯಿತು ಅಂದುಕೊಳ್ಳಬೇಡಿ. 21 ದಿನ ಮಾಡಿದರೆ ಅಭ್ಯಾಸ ಆಗುತ್ತೆ ಅಂತ ವಾಟ್ಸ್ಆ್ಯಪಲ್ಲಿ ಬರುತ್ತಲ್ಲ? ಅದರ ಮೂಲ ಹುಡುಕಿದೆ, ಸಂಜೆ 6ಕ್ಕೇ ಹುಡುಕಿದೆ. ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡೇ ಪಕ್ಷ 21 ದಿನ ಬೇಕು ಅಂತ 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುತ್ತಾ 'ಕಡೇ ಪಕ್ಷ' ಬಿದ್ದುಹೋಯಿತು, ಮೂಗೂ ಬಿದ್ದುಹೋಯಿತು, 21 ಮಾತ್ರ ಉಳಿಯಿತು. (ನಗು) ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು. 96 ಜನ, 84 ದಿನ. ತಿಂಡಿ ಆದ ಮೇಲೆ ಒಂದು ಲೋಟ ನೀರು, ಊಟದ ಜೊತೆ ಒಂದು ಹಣ್ಣು, ಇಂಥವೇ. ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಒಬ್ಬರಿಗೆ 18 ದಿನಕ್ಕೇ ಆಯಿತು. ಇನ್ನೊಬ್ಬರಿಗೆ ಲೆಕ್ಕ ಹಾಕಿದರೆ 254 ದಿನ ಬೇಕು ಅಂತ ಬಂತು. ನೀರು ಕುಡಿಯುವವರಿಗೆ ಬೇಗ, ವ್ಯಾಯಾಮದವರಿಗೆ ತಡ. ನನಗೆ ಸಮಾಧಾನ ತಂದ ಮಾತು ಇನ್ನೊಂದು: ನಡುವೆ ಒಂದು ದಿನ ತಪ್ಪಿದರೆ ಕೆಲಸ ಕೆಡುವುದಿಲ್ಲವಂತೆ. ಗೌರಿ ಹಬ್ಬದ ವಾರ ನಾನು ಪುಸ್ತಕ ಮುಟ್ಟೇ ಇರಲಿಲ್ಲ.

ಆ 96 ಜನರೂ ಹೊಸ ಕೆಲಸವನ್ನು ದಿನಾ ಮಾಡುವ ಯಾವುದೋ ಹಳೇ ಕೆಲಸಕ್ಕೆ ಗಂಟು ಹಾಕಿಕೊಂಡಿದ್ದರು. ನಾನು ಗಂಟು ಹಾಕಿದ್ದು ಕಾಫಿ ಫಿಲ್ಟರಿಗೆ. ಬೆಳಗ್ಗೆ ಪುಡಿ ಹಾಕಿ, ಬಿಸಿನೀರು ಹುಯ್ದು, ಮುಚ್ಚಳ ಮುಚ್ಚಿದರೆ ಡಿಕಾಕ್ಷನ್ ಇಳಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಅವಸರಕ್ಕೆ ಮೇಲಿನ ಪಾತ್ರೆಯನ್ನು ತಟ್ಟುತ್ತೀರಿ, ಅಲ್ವಾ? ನಾನೂ ತಟ್ಟುತ್ತಿದ್ದೆ. ತಟ್ಟಿದರೆ ಪುಡಿ ಕೂತುಕೊಂಡು ಇನ್ನೂ ನಿಧಾನ ಆಗುತ್ತೆ. ಆ ಹೊತ್ತಲ್ಲೇ ನಾನು ಫೋನ್ ಹಿಡಿಯುತ್ತಿದ್ದದ್ದು. ಒಂದು ರೀಲು, ಇನ್ನೊಂದು ರೀಲು. ಹಾಲು ಉಕ್ಕಿ ಒಲೆ ಆರಿದಾಗಲೇ ಎಚ್ಚರ. ಈಗ ಡಿಕಾಕ್ಷನ್ ಪೂರ್ತಿ ಇಳಿಯುವವರೆಗೆ ಫೋನ್ ಮುಟ್ಟುವುದಿಲ್ಲ ಅಂತ ನೇಮ. ಏನು ಮಾಡುತ್ತೀರಿ ಅಂತ ಕೇಳಬೇಡಿ. ಏನೂ ಮಾಡುವುದಿಲ್ಲ. ಕಿಟಕಿ ಹತ್ತಿರ ನಿಲ್ಲುತ್ತೇನೆ. ಮೊದಲ ವಾರ ಕೈ ತುರಿಸುತ್ತಿತ್ತು. ಹಟಕ್ಕೆ ಪಾತ್ರೆ ತೊಳೆದೆ. ಫಿಲ್ಟರ್ ಒಳಗೆ ಹನಿ ಬೀಳುವ ಸದ್ದು ಕೇಳಿಸುತ್ತೆ ಅಂತ ನನಗೆ ಗೊತ್ತಾದದ್ದು 67ನೇ ವಯಸ್ಸಲ್ಲಿ.

ರೀಲಿನ ವಿಷಯ ಬಂತಲ್ಲ, ಅಲ್ಲಿ ನಮ್ಮ ಹಳೇ ಕೆಲಸ ನೆನಪಾಗುತ್ತೆ. ಕೆಳಗೆ ಎಳೆದಷ್ಟೂ ಮುಗಿಯದ ಪುಟ ಇದೆಯಲ್ಲ, ಅದನ್ನು 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್ ಅನ್ನುವವರು. ಆಮೇಲೆ ಅವರೇ ಅದಕ್ಕೆ ಪೇಚಾಡಿಕೊಂಡಿದ್ದಾರೆ. ಅಲ್ಲಿ ಆಪರೇಟರ್ ಇಲ್ಲ ನೋಡಿ. "ಮೂರು ನಿಮಿಷ ಆಯ್ತಮ್ಮ, ಮುಂದುವರಿಸ್ಬೇಕಾ?" ಅಂತ ನಡುವೆ ಬಾಯಿ ಹಾಕುವವರಿಲ್ಲ. ಅದಕ್ಕೆ ನಾನೇ ಒಂದು ಟೈಮರ್ ತಂದೆ, ಇಡ್ಲಿ ಬೇಯಿಸಲು ಇಟ್ಟುಕೊಳ್ಳುತ್ತಾರಲ್ಲ, ತಿರುಗಿಸುವಂಥದ್ದು. ಫೋನಲ್ಲೇ ಟೈಮರ್ ಇದೆಯಲ್ಲ ಅಂತ ಮಗಳು ಅಂದಳು. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ ಅದು. ಟೈಮರ್ ಕಿರ್ ಅಂದಾಗ ನಾನು ಜೋರಾಗಿಯೇ ಹೇಳುತ್ತೇನೆ, "ತ್ರೀ ಮಿನಿಟ್ಸ್ ಓವರ್." ಮನೆಯವರು ಪಕ್ಕದ ರೂಮಿಂದ "ಕಂಟಿನ್ಯೂ" ಅನ್ನುತ್ತಾರೆ. ಅವರಿಗೆ ತಮಾಷೆ. ಎಷ್ಟೋ ಸಲ ನಾನೂ ಕಂಟಿನ್ಯೂ ಮಾಡುತ್ತೇನೆ. ಸುಳ್ಳು ಯಾಕೆ ಹೇಳಲಿ.

(ಇಲ್ಲಿಗೆ ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು.)

ಒಬ್ಬ ಹಿರಿಯರು ಕೇಳಿದರು: "ಎಲ್ಲ ಫೋನಲ್ಲೇ ಇರೋದ್ರಿಂದ ನಮ್ಮ ಜ್ಞಾಪಕಶಕ್ತಿ ಹಾಳಾಗ್ತಿದೆ ಅಂತಾರಲ್ಲಮ್ಮ, ನಿಜವಾ?"

ಸ್ವಲ್ಪ ನಿಜ ಸಾರ್. 2011ರಲ್ಲಿ ಅಮೆರಿಕದಲ್ಲಿ ಬೆಟ್ಸಿ ಸ್ಪ್ಯಾರೋ ಮತ್ತು ಡೇನಿಯಲ್ ವೆಗ್ನರ್ ಅವರ ತಂಡ ಒಂದು ಪ್ರಯೋಗ ಮಾಡಿತ್ತು. ಆಮೇಲೆ ಕಂಪ್ಯೂಟರಲ್ಲಿ ಸಿಗುತ್ತೆ ಅಂತ ಗೊತ್ತಿದ್ದರೆ ಜನ ವಿಷಯವನ್ನು ನೆನಪಿಟ್ಟುಕೊಳ್ಳುವುದು ಕಮ್ಮಿ, ಅದು ಎಲ್ಲಿದೆ ಅನ್ನುವುದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ ಅಂತ ಕಂಡಿತು. ಆದರೆ ಇದು ಹೊಸದೇನಲ್ಲ. ಅದೇ ವೆಗ್ನರ್ ಅದಕ್ಕೂ ಮುಂಚೆ ಗಂಡ ಹೆಂಡಿರ ಬಗ್ಗೆ ಇದನ್ನೇ ಹೇಳಿದ್ದರು, ಒಬ್ಬರಿಗೆ ಗೊತ್ತಿರುವುದನ್ನು ಇನ್ನೊಬ್ಬರು ನೆನಪಿಟ್ಟುಕೊಳ್ಳುವುದಿಲ್ಲ ಅಂತ. ನಿಮ್ಮ ಮನೆ ರೇಷನ್ ಕಾರ್ಡ್ ಎಲ್ಲಿದೆ ಹೇಳಿ ನೋಡೋಣ? (ಅವರು ಪಕ್ಕದಲ್ಲಿದ್ದ ಹೆಂಡತಿ ಮುಖ ನೋಡಿದರು. ಸಭೆ ನಕ್ಕಿತು.) ನಾಲ್ಕು ನಂಬರ್ ಮಾತ್ರ ಬಾಯಿಪಾಠ ಇರಲಿ. ಮನೆಯವರದ್ದು ಮೂರು, 1930 ಒಂದು. ಫೋನ್ ಕಳೆದ ದಿನ ಬೇಕಾಗುವುದು ಅವೇ.

ಕೊನೆಗೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದ. ಅವನ ಅಜ್ಜಿಯೂ ಆಪರೇಟರ್ ಆಗಿದ್ದರಂತೆ, ಮೈಸೂರಿನಲ್ಲಿ. "ಅಜ್ಜಿ ಹತ್ರ ನಿಮ್ಮನ್ನ ಮಾತಾಡಿಸ್ಬೇಕು ಆಂಟಿ, ನಿಮ್ಮ ನಂಬರ್ ಕೊಡ್ತೀರಾ?" ಅಂದ. ಜೇಬಿಂದ ಫೋನ್ ತೆಗೆದ.

ಬರ್ಕೊಳ್ಳಪ್ಪ, ಪೆನ್ ಇದೆಯಾ, ಅಂದೆ.

ಇರಲಿಲ್ಲ. ಪಕ್ಕದವನ ಹತ್ತಿರ ಇರಲಿಲ್ಲ, ಅವನ ಪಕ್ಕದ ಹುಡುಗಿ ಬ್ಯಾಗೆಲ್ಲ ತಡಕಿದಳು, ಲಿಪ್‌ಸ್ಟಿಕ್ ಸಿಕ್ಕಿತು. ವಾಚನಾಲಯದ ಮೇಜಿನ ಮೇಲಿನ ಪೆನ್ ಬರೆಯಲಿಲ್ಲ. ರೇಷನ್ ಕಾರ್ಡಿನ ಹಿರಿಯರು ಜೇಬಿಂದ ಇಂಕ್ ಪೆನ್ ತೆಗೆದು, ಮುಚ್ಚಳ ತಿರುಗಿಸಿ, ಅಂಗೈ ಮೇಲೆ ಒಂದು ಗೀಟು ಎಳೆದು ನೋಡಿ, ಹಿಂದಕ್ಕೆ ಕೊಟ್ಟರು. ಅದು ಕೈಯಿಂದ ಕೈಗೆ ಐದು ಸಾಲು ದಾಟಿ ಹೋಗಬೇಕಿತ್ತು. ನಾನು ಮೈಕ್ ಹಿಡಿದುಕೊಂಡು ಕಾದೆ.